ಕರಿಯಜ್ಜನನ್ನು ಬಿಟ್ಟು ನಡೆದವನಿಗೆ

ನರೇಂದರ್ ಬಾವ,

ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳುವುದಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಕ್ಕು ಮಾತು ತೇಲಿಸುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗದ್ವಾಲಿನ ನಿಮ್ಮ ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರೂ ನನಗೆ ಅಡ್ಡಿಯಿಲ್ಲ.

"ಮೊಬೈಲಿನಾಗಿನ ಬೊಂಬಿ ಸತ್ತದ್ದಕ್ಕ ಎಷ್ಟು ಅಳತೀಯೇ ದೇವಿಕಾ" ಅಂದೆಯಲ್ಲ? ಹೌದು, ಅತ್ತಿದ್ದೇನೆ. ಮೂರು ದಿನ ಅತ್ತಿದ್ದೇನೆ. ಅದಕ್ಕೆ ನಾಚಿಕೆಯೂ ಇಲ್ಲ.

ಆ ಆಟದಲ್ಲಿ ಹಿಮದ ಬೆಟ್ಟ ದಾಟಿಸಿ ಕುರಿ ಹಿಂಡನ್ನು ಹುಲ್ಲುಗಾವಲಿಗೆ ಮುಟ್ಟಿಸಬೇಕು. ಹಿಂಡಿನ ಹಿಂದೆ ಒಬ್ಬ ಮುದುಕ ಕುಂಟುತ್ತ ಬರುತ್ತಾನೆ. ಅವನಿಗೆ ಅದೇನೋ ವಿದೇಶಿ ಹೆಸರು. ಹೆಗಲ ಮೇಲಿನ ಕಪ್ಪು ಕಂಬಳಿ ನೋಡಿ ನಮ್ಮ ಮೊಗುಲಪ್ಪಜ್ಜ ಅವನನ್ನು ಕರಿಯಜ್ಜ ಎಂದು ಕರೆದ. ಕುರಿ ಕಾಯ್ದು ಕಾಯ್ದು ಮೊಣಕಾಲು ಸವೆಸಿಕೊಂಡ ನಮ್ಮಜ್ಜ ಸಂಜೆಯಾದರೆ ನನ್ನ ಪಕ್ಕ ಕುಳಿತು, "ನೀರಿನ ಕಡಿಗೆ ಹೊಡಿಯವ್ವ, ಮರಿ ದಣದಾವ" ಎಂದು ದಾರಿ ಹೇಳುತ್ತಿದ್ದ. ಹೊಸ ಹಂತ ಶುರುವಾದಾಗಲೆಲ್ಲ ಬೀರಪ್ಪನ ಗುಡಿಯ ಅರಿಶಿನ ಭಂಡಾರ ತಂದು ಮೊಬೈಲಿಗೆ ಹಚ್ಚುತ್ತಿದ್ದ. ಬೇಗ ನಡೆದವರಿಗೆ ಹೆಚ್ಚು ಅಂಕ. ನಮಗೆ ಅದು ಬೇಡವಾಗಿತ್ತು. ವಲಸೆ ಹೊರಟಾಗ ನಮ್ಮ ಮಂದಿ, ಹಿಂದೆ ಬರುವ ಮುದುಕ ಕಣ್ಣಿಗೆ ಬೀಳುವವರೆಗೆ ಮುಂದಿನ ಕುರಿಯನ್ನು ತಡೆದು ನಿಲ್ಲಿಸುತ್ತಾರೆ. ಆಟದಲ್ಲೂ ಹಾಗೇ ನಿಲ್ಲಿಸಿ ನಿಲ್ಲಿಸಿ ನಾಲ್ಕು ತಿಂಗಳು ನಡೆಸಿದೆವು. ಹುಚ್ಚು ಅನ್ನು, ಅಡ್ಡಿಯಿಲ್ಲ.

ಆ ಭಾನುವಾರ ಮಾಗನೂರಿಗೆ ಬಂದ ನೀನು, ನಾನು ಚಹಾ ಇಡಲು ಒಳಗೆ ಹೋದಾಗ ಅಜ್ಜನ ಕೈಯಿಂದ ಮೊಬೈಲ್ ಕಿತ್ತುಕೊಂಡೆ. ಮುದುಕನಿಗಾಗಿ ಕಾಯುವುದೋ, ಬಿಟ್ಟು ನಡೆಯುವುದೋ ಎಂದು ಆಟ ಕೇಳಿತು. ನೀನು ಬಿಟ್ಟು ನಡೆಯುವುದನ್ನೇ ಒತ್ತಿದೆ. ನಾನು ಲೋಟ ಹಿಡಿದು ಬರುವಷ್ಟರಲ್ಲಿ ಕರಿಯಜ್ಜ ಹಿಮದಲ್ಲಿ ಬೋರಲು ಬಿದ್ದಿದ್ದ. ಆ ಆಟದಲ್ಲಿ ಒಮ್ಮೆ ಸತ್ತವರು ಮತ್ತೆ ಬರುವುದಿಲ್ಲ.

"ಯಾಕಪ್ಪಾ ನರೇಂದರ, ಅವನ್ನ ಯಾಕ ಬಿಟ್ಟಿ?" ಎಂದು ಅಜ್ಜ ಕೇಳಿದ. ನೀನು ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಹೇಳಿದೆ: "ದಂಡದ ಮುದುಕ ಅಜ್ಜಾ. ಅವನಿಂದ ಎಲ್ಲಾರ್ಗೂ ಲೇಟ್ ಆಗ್ತಿತ್ತು." ಯಾರ ಮುಂದೆ ಹೇಳಿದೆ ಎಂಬುದು ನಿನಗೆ ಹೊಳೆಯಲೇ ಇಲ್ಲ. ಅವನು ನಿನ್ನ ಅವ್ವನ ಅಪ್ಪ.

ಈ ವಾರ ನಮ್ಮ ಕುರಿ ಕೃಷ್ಣೆಯ ಕಡೆ ಹೊರಡಬೇಕಿತ್ತು. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ತಯಾರಾಗುವ ಅಜ್ಜ ಕಟ್ಟೆಯ ಮೇಲಿಂದ ಏಳಲಿಲ್ಲ. ಅಪ್ಪ ಕರೆದರೆ, "ನೀವು ನಡೀರಿ. ನನ್ನಿಂದ ಎಲ್ಲಾರ್ಗೂ ಲೇಟ್ ಆಗ್ತೈತಿ" ಎಂದ. ಅಜ್ಜನ ಬಾಯಲ್ಲಿ ಆ ಇಂಗ್ಲಿಷ್ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ. ನೀನು ಕಲಿಸಿಹೋದೆ. ಅವನು ಏಳುವವರೆಗೆ ಹೊರಡುವುದಿಲ್ಲವೆಂದು ಅಪ್ಪ ನಾಲ್ಕು ದಿನದಿಂದ ಹಿಂಡನ್ನು ಹಟ್ಟಿಯಲ್ಲೇ ನಿಲ್ಲಿಸಿದ್ದಾನೆ.

ದೀಪಾವಳಿ ಕಳೆದ ಮೇಲೆ ನಮ್ಮ ಮದುವೆ ಎಂದು ಹಿರಿಯರು ಆಡಿದ್ದ ಮಾತನ್ನು ನಾನು ಮುರಿದಿದ್ದೇನೆ. ಅಪ್ಪ ಎದುರಾಡಲಿಲ್ಲ. ಅತ್ತೆ ಕಾರಣ ಕೇಳಿದರೆ ಈ ಕಾಗದ ಕೊಡು. ಅವಳಿಗೂ ಈಗ ಮೊಣಕಾಲು ನೋವು ಶುರುವಾಗಿದೆ, ಅರ್ಥವಾಗುತ್ತದೆ.

ಬೀರಪ್ಪ ನಿನಗೆ ನೂರು ವರ್ಷ ಆಯುಸ್ಸು ಕೊಡಲಿ. ನೀನೂ ಮುದುಕನಾಗು.

ಇನ್ನು ನಿನಗೆ ಏನೂ ಅಲ್ಲದ,
ದೇವಿಕಾ