ಹಳೆಯ ಚೀರಾಟ

ಫೆಬ್ರುವರಿ 3

ಇವತ್ತೂ ಕತ್ತು ಹಿಸುಕುವ ಸೀನ್. ಟೇಕ್ ಮೇಲೆ ಟೇಕ್. ಡೈರೆಕ್ಟರ್‌ಗೆ ಸಮಾಧಾನವಿಲ್ಲ. ಹಳೆಯ ಚಿತ್ರದ ಅದೇ ದೃಶ್ಯವನ್ನು ಊಟದ ಹೊತ್ತಿನಲ್ಲೂ ಹಾಕಿ ತೋರಿಸಿದರು. ಅದರಲ್ಲಿ ಚೀರುವವಳು ನನ್ನ ಚಿಕ್ಕಮ್ಮ. ರೀಮೇಕ್‌ನಲ್ಲಿ ಆ ಪಾತ್ರ ನನಗೆ ಸಿಕ್ಕಿದ್ದೂ ಅದಕ್ಕೇ.

ಡೈರೆಕ್ಟರ್ ಅಂದರು— "ನಿನ್ನ ಚಿಕ್ಕಮ್ಮನ ಕಣ್ಣಲ್ಲಿ ಸಾವು ಕಾಣ್ಸುತ್ತೆ. ನಿನ್ನ ಕಣ್ಣಲ್ಲಿ ಬರೀ ಕಾಡಿಗೆ. ಹೀಗಾದ್ರೆ ಥಿಯೇಟರಲ್ಲಿ ಜನ ನಗ್ತಾರೆ."

ದೆವ್ವದ ಪಾತ್ರದವರು ಬೆಣ್ಣೆಯಂಥ ಮನುಷ್ಯ. ಪ್ರತಿ ಟೇಕಿಗೂ ಮುಂಚೆ— "ನೋವಾದ್ರೆ ತೋಳು ತಟ್ಟಮ್ಮ, ಬಿಟ್ಬಿಡ್ತೀನಿ."

ಫೆಬ್ರುವರಿ 4, ಬೆಳಿಗ್ಗೆ

ಚಿಕ್ಕಮ್ಮನನ್ನೇ ಕೇಳಿದೆ— ಅದನ್ನು ಹೇಗೆ ಮಾಡಿದಿರಿ ಅಂತ. ಬಟ್ಟೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಮಾಡ್ಲಿಲ್ಲ ಕಣೇ. ದೆವ್ವದ ಪಾತ್ರದವನು ನಿಜವಾಗ್ಲೂ ಹಿಸುಕಿದ. ಕಟ್ ಅನ್ನೋರೇ ಇರ್ಲಿಲ್ಲ. ಎಚ್ಚರ ಆದಾಗ ಎಲ್ರೂ ಚಪ್ಪಾಳೆ ಹೊಡೀತಿದ್ರು. ನಾನೂ ನಕ್ಕೆ."

ಇಷ್ಟು ವರ್ಷ ತುಟಿ ಪಿಟಿಕ್ಕೆಂದಿರಲಿಲ್ಲ.

"ಇವತ್ತು ಹೋಗ್ಬೇಡ."

ಹೋಗದಿದ್ದರೆ ಪಾತ್ರ ಕೈತಪ್ಪುತ್ತದೆ. ಹೊರಟೆ.

ಫೆಬ್ರುವರಿ 4, ಸಂಜೆ

ಮಾತು ಹೊರಡುತ್ತಿಲ್ಲ. ಬರೆಯಲೇಬೇಕು.

ಟೇಕಿಗೆ ಮುಂಚೆ ಡೈರೆಕ್ಟರ್ ದೆವ್ವದವರ ಕಿವಿಯಲ್ಲಿ ಏನೋ ಉಸುರಿದರು. ಕೊರಳ ಸುತ್ತ ಕೈ ಬಿಗಿಯಿತು. ತೋಳು ತಟ್ಟಿದೆ. ಬಿಡಲಿಲ್ಲ. ಪರಚಿದೆ. ಬಿಡಲಿಲ್ಲ. ಗಂಟಲಲ್ಲಿ ಏನೋ ಲಟಕ್ಕೆಂದಿತು. ಡೈರೆಕ್ಟರ್ ಮಾನಿಟರಿಗೆ ಮೂಗು ತಾಗಿಸಿ ಕೂತಿದ್ದರು— ಆಮೇಲೆ ಅವರೂ ಮಸುಕಾದರು. ಒದ್ದಾಡುವಾಗ ಹೆಬ್ಬೆರಳೊಂದು ಜಾರಿ ಬಾಯಿಗೆ ಸಿಕ್ಕಿತು. ಮೂಳೆ ಹಲ್ಲಿಗೆ ತಾಗುವವರೆಗೆ ಕಚ್ಚಿದೆ. ಲೈಟ್ ಸ್ಟ್ಯಾಂಡ್ ಹಿಡಿದೆಳೆದೆ, ದೆವ್ವದವರ ತಲೆಯ ಮೇಲೇ ಬಿತ್ತು. ಬಾಯ್ತುಂಬ ರಕ್ತ.

"ಕಟ್! ಸೂಪರ್!"

ದೆವ್ವದವರು ಸೀಳಿದ ಕಿವಿ ಹಿಡಿದುಕೊಂಡು ನೆಲದ ಮೇಲೆ ಅಳುತ್ತಿದ್ದರು. "ನೀನೇ ಒಪ್ಪಿದ್ದೀಯ ಅಂದ್ರಮ್ಮ... ತಟ್ಟೋದೂ ನಟನೇನೇ ಅಂದ್ರು."

ಫೆಬ್ರುವರಿ 17

ಗುಟುಕು ನೀರು ಇಳಿಯುತ್ತಿದೆ. ಮಾತು ಇನ್ನೂ ಬಂದಿಲ್ಲ. ಟ್ರೇಲರ್ ಬಂದಿದೆ. ಅದೇ ಟೇಕ್. ಕೆಳಗೆ ಜನ ಬರೆದಿದ್ದಾರೆ— ಹಳೆಯದನ್ನೂ ಮೀರಿಸಿತು, ರೀಮೇಕ್ ಅಂದರೆ ಇದು.

ಚಿಕ್ಕಮ್ಮ ಪೂರ್ತಿ ನೋಡಿದರು. ಚಪ್ಪಲಿ ಮೆಟ್ಟಿಕೊಂಡರು.

"ಏಳು, ಸ್ಟೇಷನ್‌ಗೆ ಹೋಗೋಣ. ನಂದನ್ನೂ ಸೇರಿಸಿ ಬರ್ಕೊಳ್ಲಿ."

ಅದೇ ದಿನ, ಠಾಣೆಯಲ್ಲಿ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನ ಪರವಾಗಿ ಚಿಕ್ಕಮ್ಮನದೇ ಮಾತು. ಇನ್‌ಸ್ಪೆಕ್ಟರ್ ಫೋನಿನಲ್ಲಿ ಟ್ರೇಲರ್ ನೋಡಿ ನಗುತ್ತಿದ್ದಾರೆ.

"ಅಲ್ಲಮ್ಮಾ, ದೆವ್ವದ ಪಿಚ್ಚರಲ್ಲಿ ಕತ್ತು ಹಿಸುಕ್ದೆ ಮುತ್ತು ಕೊಡ್ತಾರಾ?"

ಚಿಕ್ಕಮ್ಮ ಎದ್ದರು. ಮೇಜಿನಾಚೆ ಎರಡೂ ಕೈ ಚಾಚಿ ಅವರ ಕೊರಳಿಗೆ—