ಮಾವ ಕೀಸಿದ ಅಂಚು

ಮಾರ್ಚ್ ೧೧, ಮಂಗಳವಾರ

ದಿನವಿಡೀ ಮರಗೆಲಸ ಮಾಡಿ ಭುಜ ಎತ್ತಲಾಗುತ್ತಿಲ್ಲ, ಆದರೂ ನಿದ್ದೆ ಹತ್ತುತ್ತಿಲ್ಲ. ಮಾವನ ಮುಖವೇ ಕಣ್ಣೆದುರು.

ನಮ್ಮ ಬಡಗಿ ಅಂಗಡಿಯಲ್ಲಿ ಕೀಸಿದವರು ತಮ್ಮ ಕೆಲಸವನ್ನು ತಾವೇ ಅಳೆಯುವಂತಿಲ್ಲ. ಅಂಚು ನೇರವಾಗಿದೆಯೇ ಎಂದು ಇನ್ನೊಬ್ಬರು ಮೂಲೆಮಟ್ಟ ಇಟ್ಟು ನೋಡಬೇಕು. ಮಾವನೇ ಮಾಡಿದ ನಿಯಮ. ಇವತ್ತು ಕಿಟಕಿ ಚೌಕಟ್ಟಿನ ಅಂಚಿನಲ್ಲಿ ಗಾಜು ಕೂರುವ ಮೆಟ್ಟಿಲನ್ನು ಅವರೇ ಕೀಸಿ ನನ್ನ ಕೈಗೆ ಕೊಟ್ಟರು. ಮೂಲೆಮಟ್ಟದ ಅಡಿಯ ಸಂದಿಯಲ್ಲಿ ಬೆಳಕು ಕಂಡಿತು.

“ವಾಲಿದೆ ಮಾವ.”

“ನಾನು ಕೀಸಿದ್ದಾ? ಇನ್ನೊಂದ್ಸಲ ನೋಡೋ.”

ಮತ್ತೆ ನೋಡಿದೆ. “ಹೊರಗಡೆ ಇಳಿದಿದೆ. ನಿಮ್ಮ ಕೈ ಕೀಸುಳೀನ ವಾಲಿಸ್ತಿದೆ.”

ಅವರು ಕೀಸುಳಿಗೆ ಅಂಟಿದ ಹೊಟ್ಟು ಒರೆಸಿ, ಅದನ್ನು ನನ್ನ ಕಡೆ ಇಟ್ಟು ಕೈ ತೊಳೆಯಲು ಹೋದರು.

ಊಟಕ್ಕೆ ಬಡಿಸುತ್ತಾ ಅತ್ತೆ, “ಸರಿ ಇದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಸಂದಿಗೆ ಮೆತ್ತೋಕೆ ಪುಟ್ಟಿ ಇರ್ಲಿಲ್ವಾ?” ಎಂದರು. ನನ್ನನ್ನು ಶಾಲೆ ಬಿಡಿಸಿದ್ದೂ ನನ್ನ ಇದೇ ನೇರ ಬಾಯಿ.

ಸುಳ್ಳು ಹೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತಿಲ್ಲ. ಆದರೆ ಇನ್ನೊಂದು ಸಲ ನೋಡು ಎಂದಾಗ ಅವರ ದನಿ ಎಷ್ಟು ಸಣ್ಣದಾಗಿತ್ತು! ಆಗ ಕೇಳಿಸಲೇ ಇಲ್ಲ.

ನಾಳೆಯಿಂದ ಕೀಸುಳಿ ನನ್ನ ಕೈಗೆ, ಮೂಲೆಮಟ್ಟ ಅವರ ಕೈಗೆ. ನನ್ನದು ವಾಲಿದ್ದರೆ ವಾಲಿದೆ ಎಂದು ಬೈಯಲಿ. ನೋಡದೆಯೇ ಸರಿ ಇದೆ ಎಂದುಬಿಟ್ಟರೆ ಮಾತ್ರ ನನ್ನಿಂದ ತಡೆಯಲಾಗದು.