ನಾಲ್ಕನೆಯ ಸಾಲು

ಆಗಸ್ಟ್ 4

ಉತ್ತರ ಪತ್ರಿಕೆ ತಿದ್ದಿ ತಿದ್ದಿ ಕತ್ತು ನೋವು. ನಾಳೆ ಛಂದಸ್ಸಿನ ಪಾಠ. ಪಠ್ಯದ ಪದ್ಯ ಅಂದರೆ ಮಕ್ಕಳಿಗೆ ಆಕಳಿಕೆ. ಸದ್ಯ, ಅಕ್ಕ ಫೋನ್ ಮಾಡಿ ತಾನೇ ಕಟ್ಟಿದ್ದೊಂದನ್ನು ಹೇಳಿದಳು. ಪಿಸುದನಿ — ಗಂಟಲು ಕೆಟ್ಟಿರಬೇಕು. "ಲೆಕ್ಕ ಸರಿಯಿದೆಯಾ ನೋಡೇ."

ಬಾಗಿಲೆ ಮೆಲ್ಲಗೆ, ಲೋಟವೆ ಮೆಲ್ಲಗೆ,
ಕೆಮ್ಮೇ ಮೆಲ್ಲಗೆ, ನಲ್ಲಿಯೆ ಮೆಲ್ಲಗೆ,
ಹೆಜ್ಜೆಯೆ ಮೆಲ್ಲಗೆ, ಉಸಿರೇ ಮೆಲ್ಲಗೆ,
ಎದ್ದರೆ...

ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ. ಅಚ್ಚುಕಟ್ಟು. ಪ್ರಾಸಕ್ಕೂ ಅದೇ ಪದ — ಸೋಮಾರಿ! ಆದರೆ ಕೊನೆಯ ಸಾಲಿನಲ್ಲಿ ಒಂದೇ ಗಣ. ಉಳಿದ ಮೂರನ್ನು ಯಾರು ನುಂಗಿದರು?

ಆಗಸ್ಟ್ 5, ಮಧ್ಯಾಹ್ನ

ಬೋರ್ಡ್ ಮೇಲೆ ಬರೆದೆ. ಲಘು-ಗುರು ಚಕಚಕನೆ ಹಾಕಿದರು. ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಎದ್ದಳು. "ಮೇಡಂ, ಇದು ಜೋಗುಳ. ಪಾಪು ಎದ್ದುಬಿಡುತ್ತೆ ಅಂತ ಒಂದೇ ಮಾತು ಮತ್ತೆ ಮತ್ತೆ." ಭೇಷ್ ಅಂದೆ.

ಸ್ಟಾಫ್ ರೂಮಿಗೆ ಬಂದು ನೀರಿನ ಬಾಟಲಿ ಬಾಯಿಗಿಟ್ಟವಳು ಹಾಗೇ ಕೂತೆ. ಜೋಗುಳ ಮಗುವನ್ನು ಕರೆಯುತ್ತದೆ. ಇದರಲ್ಲಿ ಮಗುವಿಗೆ ಒಂದು ಮಾತೂ ಇಲ್ಲ. ಆ ಮನೆಯಲ್ಲಿ ಮಗುವೇ ಇಲ್ಲ. ಇರುವುದು ಅಕ್ಕ, ಭಾವ ಇಬ್ಬರೇ. ಉಸಿರನ್ನೂ ಹಿಡಿಯಬೇಕೆ?

ತಡೆಯಲಾರದೆ ಮೆಸೇಜ್ ಹಾಕಿದೆ: ಯಾರು ಎದ್ದರೆ, ಅಕ್ಕಾ?

ಅದೇ ದಿನ, ಸಂಜೆ

ಉತ್ತರ ಬಂತು. ನಂಬರು ಅಕ್ಕನದು, ಮಾತು ಭಾವನದು. "ಏನ್ ಟೀಚರಮ್ಮ, ಯಾರು ಎದ್ದರೆ? ನಮಗೂ ಸ್ವಲ್ಪ ಪಾಠ ಮಾಡಿ." ಕೊನೆಗೊಂದು ನಗುವ ಮುಖ.

ನಾನೇ ಅವಳನ್ನು ಹಿಡಿದುಕೊಟ್ಟೆ. ಹಾಳಾದ ಅವಸರ ನನ್ನದು. ಪಠ್ಯದಲ್ಲಿರುವ ಜೋಗುಳ ಎಂದು ಸುಳ್ಳು ಬರೆದೆ. ನಂಬಿದನೋ ಇಲ್ಲವೋ. ಅಕ್ಕನ ಫೋನ್ ಸ್ವಿಚ್ ಆಫ್.

ಆಗಸ್ಟ್ 9

ಇಷ್ಟು ದಿನ ಧೈರ್ಯ ಸಾಲಲಿಲ್ಲ. ಇವತ್ತು ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ ಹೋದೆ. ಉಟ್ಟ ಬಟ್ಟೆಯಲ್ಲೇ ಕರೆತಂದೆ. ಎಡಗೈ ಎತ್ತಲಾರಳು.

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ನಲ್ಲೇ."

ಆಗಸ್ಟ್ 10, ಬೆಳಿಗ್ಗೆ

ರಜೆ ಹಾಕಿದೆ. ವಕೀಲರು ಹನ್ನೊಂದಕ್ಕೆ ಬರಹೇಳಿದ್ದಾರೆ, ಆಮೇಲೆ ಪೊಲೀಸ್ ಸ್ಟೇಷನ್. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ. ಏನೋ ಗುನುಗುತ್ತಿದ್ದಾಳೆ. ಎಷ್ಟು ವರ್ಷವಾಯಿತು ಇದನ್ನು ಕೇಳಿ... ಅಳು ಬರುತ್ತಿದೆ.

ಕೆಳಗೆ ಸ್ಕೂಟರ್ ನಿಂತ ಸದ್ದು. ಗುನುಗು ಥಟ್ಟನೆ ನಿಂತಿತು. ಮೆಟ್ಟಿಲ ಮೇಲೆ ಯಾರೋ. ಮೇಲಿನ ಮನೆಯವರೇ ಇರಬಹುದು. ಹಾಲಿನವನು ಹೋದ ಮೇಲೆ ಚಿಲಕ ಹಾಕಿದ್ದೆನಾ... ಹಾಕಿ—